ನಾಯಿ, ಬೆಕ್ಕು ಫಾಸ್ಟರ್ ಮಾಡುವುದು: ಹೂಂ ಅನ್ನುವುದರಿಂದ ಕಳಿಸಿಕೊಡುವವರೆಗೆ

ರಕ್ಷಿಸಿದ ನಾಯಿಯನ್ನೋ ಬೆಕ್ಕನ್ನೋ ಕಾಯಂ ಮನೆ ಸಿಗುವವರೆಗೆ ನಮ್ಮ ಮನೆಯಲ್ಲಿಟ್ಟು ನೋಡಿಕೊಳ್ಳುವುದೇ ಫಾಸ್ಟರ್ ಮಾಡುವುದು. ಕೆಲವು ಸಲ ವಾರದಲ್ಲಿ ಮುಗಿಯುತ್ತದೆ, ಕೆಲವು ಸಲ ಆರು ತಿಂಗಳು ಹಿಡಿಯುತ್ತದೆ. ಊಟ, ಔಷಧಿ, ಮಲಗಲು ಜಾಗ ಕೊಟ್ಟರೆ ಸಾಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ನನ್ನ ಲೆಕ್ಕದಲ್ಲಿ ಅದು ಅರ್ಧ ಕೆಲಸ. ಈ ಪ್ರಾಣಿಯ ಸ್ವಭಾವ ಏನು, ಇದಕ್ಕೆ ಯಾತರ ಭಯ, ಎಂಥ ಮನೆಗೆ ಇದು ಹೊಂದುತ್ತದೆ ಎಂದು ಕಂಡುಕೊಂಡು, ಆ ಮನೆಗೆ ತಯಾರು ಮಾಡುವುದು ಉಳಿದರ್ಧ. ಹಾಗಾಗಿ ಮೊದಲ ದಿನದಿಂದಲೇ ತಲೆಯಲ್ಲಿ ಒಂದು ಪ್ರಶ್ನೆ ಇರಲಿ: ನಾನು ಈಗ ಮಾಡುತ್ತಿರುವುದು ಮುಂದಿನ ಮನೆಯವರಿಗೆ ಅನುಕೂಲವೋ, ತೊಂದರೆಯೋ?

"ನಾಲ್ಕು ದಿನ ಮನೆಯಲ್ಲಿಟ್ಟುಕೊಂಡು ಮತ್ತೆ ಶೆಲ್ಟರ್‌ಗೆ ಬಿಟ್ಟರೆ ಅದಕ್ಕೆ ಇನ್ನೂ ನೋವಲ್ವಾ?" ಎಂದು ಹಿಂಜರಿಯುವವರಿದ್ದಾರೆ (ಶೆಲ್ಟರ್ ಅಂದರೆ ದಿಕ್ಕಿಲ್ಲದ ಪ್ರಾಣಿಗಳನ್ನು ಇಟ್ಟುಕೊಳ್ಳುವ ಆಶ್ರಯತಾಣ). ಅಮೆರಿಕದ ಐದು ಶೆಲ್ಟರ್‌ಗಳ ನಾಯಿಗಳ ಮೇಲೆ ನಡೆದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಒಂದೆರಡು ರಾತ್ರಿ ಮನೆಯಲ್ಲಿ ಕಳೆದ ನಾಯಿಗಳಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಳಿದಿತ್ತು. ವಾಪಸ್ ಹೋದ ಮೇಲೆ ಮೊದಲಿನ ಮಟ್ಟಕ್ಕೆ ಬಂತೇ ಹೊರತು ಅದಕ್ಕಿಂತ ಮೇಲೆ ಏರಲಿಲ್ಲ. ಅಂದರೆ ಎರಡು ದಿನದ ಬಿಡುವೂ ಬಿಡುವೇ.

ಹೂಂ ಅನ್ನುವ ಮುಂಚೆ

ಸಾಮಾನ್ಯವಾಗಿ ಶುರುವಾಗುವುದು ಒಂದು ಫೋಟೊದಿಂದ. ಜೊತೆಗೆ "ಇವತ್ತು ರಾತ್ರಿಗೆ ಮಾತ್ರ, ಪ್ಲೀಸ್" ಅನ್ನುವ ಮೆಸೇಜ್. ಆ ಕಣ್ಣು ನೋಡಿ ಹೂಂ ಅಂದುಬಿಡುತ್ತೇವೆ. ಅದಕ್ಕೂ ಮುಂಚೆ, ಪ್ರಾಣಿಯನ್ನು ಕೊಡುತ್ತಿರುವ ಸಂಸ್ಥೆಯವರ ಜೊತೆ ಐದು ನಿಮಿಷ ಫೋನಿನಲ್ಲಿ ಮಾತಾಡಿ. ಆಸ್ಪತ್ರೆ ಖರ್ಚು ಯಾರದು? ಯಾವ ಡಾಕ್ಟರ ಹತ್ತಿರ ಹೋಗಬೇಕು? ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಫೋನ್ ಎತ್ತುವವರು ಯಾರು? ನನ್ನ ಕೈಯಲ್ಲಿ ಆಗದಿದ್ದರೆ ಎಷ್ಟು ದಿನದಲ್ಲಿ ವಾಪಸ್ ತೆಗೆದುಕೊಳ್ಳುತ್ತೀರಿ? ದತ್ತು ಯಾರಿಗೆ ಅನ್ನುವುದರಲ್ಲಿ ನನ್ನ ಮಾತು ನಡೆಯುತ್ತದಾ? ಉತ್ತರಗಳು ಬರಹದಲ್ಲಿರಲಿ, ಮೆಸೇಜಾದರೂ ಸಾಕು. ಸ್ನೇಹದಲ್ಲಿ ಶುರುವಾದ ಈ ಕೆಲಸ ಬಿಲ್ಲು ಬಂದಾಗ ಮುರಿದುಬೀಳುವುದೇ ಜಾಸ್ತಿ.

ಪ್ರಾಣಿಯ ಬಗ್ಗೆಯೂ ಕೇಳಿ. ಲಸಿಕೆ ಆಗಿದೆಯಾ, ಜಂತುಹುಳದ ಔಷಧಿ ಯಾವಾಗ ಕೊಟ್ಟರು, ಯಾರನ್ನಾದರೂ ಕಚ್ಚಿದೆಯಾ. ಬೆಕ್ಕಾದರೆ ಎಫ್‌ಐವಿ ಮತ್ತು ಫೆಲೈನ್ ಲ್ಯುಕೇಮಿಯಾ (ರೋಗನಿರೋಧಕ ಶಕ್ತಿ ಕುಂದಿಸುವ, ಬೆಕ್ಕಿನಿಂದ ಬೆಕ್ಕಿಗೆ ಹರಡುವ ಎರಡು ವೈರಸ್) ಪರೀಕ್ಷೆ ಮಾಡಿಸಿದ್ದಾರಾ. "ಗೊತ್ತಿಲ್ಲ" ಅಂದರೂ ಪರವಾಗಿಲ್ಲ, ಆಗ ಆಗಿಲ್ಲ ಅಂತಲೇ ಲೆಕ್ಕ ಹಿಡಿಯಿರಿ.

ಆಮೇಲೆ ನಿಮ್ಮ ಸಮಯ. ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವವರು ನಾಯಿಮರಿ ತರಬೇಡಿ. ಹಾಲು ಕುಡಿಯುವ ಬೆಕ್ಕಿನ ಮರಿಯಂತೂ ಬೇಡವೇ ಬೇಡ. ಅಂಥವರಿಗೆ ದೊಡ್ಡ ಬೆಕ್ಕು ಸರಿಹೋಗುತ್ತದೆ. ಮೊದಲ ಸಲ ಮಾಡುವವರು ವಯಸ್ಸಾದ, ಶಾಂತ ಪ್ರಾಣಿಯಿಂದ ಶುರು ಮಾಡುವುದು ಒಳ್ಳೆಯದು. ಬಾಡಿಗೆ ಮನೆಯಾದರೆ ಮಾಲೀಕರನ್ನು ಮೊದಲೇ ಕೇಳಿಬಿಡಿ. ಮನೆಯಲ್ಲಿ ಎಲ್ಲರೂ ಒಪ್ಪಿರಬೇಕು. ಒಬ್ಬರು ಮುಖ ಸಿಂಡರಿಸಿದರೂ ಕೊನೆಗೆ ಪ್ರಾಣಿಗೇ ಕಷ್ಟ.

ಬಾಗಿಲಿರುವ ಒಂದು ಕೋಣೆ

ಇಡೀ ಮನೆ ಬೇಕಿಲ್ಲ. ಬಾಗಿಲು ಹಾಕಬಹುದಾದ ಒಂದು ಕೋಣೆ ಸಾಕು. ದೊಡ್ಡ ಬಾತ್‌ರೂಮ್ ಆದರೂ ನಡೆಯುತ್ತದೆ. ತೊಳೆಯಲು ಸುಲಭವಾದ ನೆಲ ಇರಲಿ, ಕಾರ್ಪೆಟ್ ಇದ್ದರೆ ಸುತ್ತಿ ಎತ್ತಿಡಿ.

ನೆಲದ ಮೇಲೆ ಕೂತು ಪ್ರಾಣಿಯ ಎತ್ತರದಿಂದ ಕೋಣೆಯನ್ನು ಒಮ್ಮೆ ನೋಡಿ. ನೇತಾಡುವ ವೈರು, ಅಲ್ಮೇರಾ ಹಿಂದಿನ ಸಂದು, ಸಡಿಲವಾದ ಕಿಟಕಿ ಜಾಲರಿ, ಕೆಳಗೆ ಬಿದ್ದ ಸೂಜಿ-ದಾರ ಎಲ್ಲ ಆಗ ಕಣ್ಣಿಗೆ ಬೀಳುತ್ತವೆ. ಹೆದರಿದ ಬೆಕ್ಕು ನೀವು ಊಹಿಸದ ಸಂದಿಗೆ ನುಗ್ಗುತ್ತದೆ. ವಾಷಿಂಗ್ ಮೆಷಿನ್ ಹಿಂದೆ ಸೇರಿಕೊಂಡ ಬೆಕ್ಕನ್ನು ಹೊರಗೆ ತರುವುದು ಸುಲಭದ ಮಾತಲ್ಲ.

ವಿಷದ ಪಟ್ಟಿ ಉದ್ದವಿದೆ. ಮುಖ್ಯವಾದವು ಇಷ್ಟು: ಲಿಲ್ಲಿ ಹೂವು ಬೆಕ್ಕಿನ ಕಿಡ್ನಿ ಹಾಳು ಮಾಡುತ್ತದೆ, ಮೈಗೆ ಅಂಟಿದ ಪರಾಗ ನೆಕ್ಕಿಕೊಂಡರೂ ಅಪಾಯ. ಪ್ಯಾರಾಸಿಟಮಾಲ್ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು. ನಾಯಿಗೆ ಹಾಕುವ, ಪರ್ಮೆಥ್ರಿನ್ ಇರುವ ಚಿಗಟದ ಔಷಧಿಯನ್ನು ಬೆಕ್ಕಿಗೆ ಹಾಕಲೇಬಾರದು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಕ್ಸೈಲಿಟಾಲ್ (ಸಕ್ಕರೆ ಬದಲು ಬಳಸುವ ಸಿಹಿ) ಇರುವ ಚೂಯಿಂಗ್ ಗಮ್ ನಾಯಿಗೆ ಸಿಗದಂತೆ ಇಡಿ.

ಬೆಕ್ಕಿಗೆ ಒಂದು ರಟ್ಟಿನ ಪೆಟ್ಟಿಗೆ ಖಂಡಿತ ಇಡಿ. ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಶೆಲ್ಟರ್‌ಗೆ ಹೊಸದಾಗಿ ಬಂದ ಬೆಕ್ಕುಗಳನ್ನು ಗಮನಿಸಿ 2014ರಲ್ಲಿ ಬರೆದರು: ಅಡಗಲು ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಸಿಗದವುಗಳಿಗಿಂತ ಬೇಗ ಹೊಂದಿಕೊಂಡವು. ಖಾಲಿ ಪೆಟ್ಟಿಗೆಗೆ ಇಷ್ಟು ಬೆಲೆ! ಲಿಟರ್ ಟ್ರೇ (ಬೆಕ್ಕಿನ ಮಲಮೂತ್ರಕ್ಕೆ ಲಿಟರ್ ಎಂಬ ಮರಳಿನಂಥ ಪುಡಿ ಹಾಕಿಟ್ಟ ತಟ್ಟೆ) ದೊಡ್ಡದಿರಲಿ, ಊಟದ ಬಟ್ಟಲಿನಿಂದ ದೂರ ಇರಲಿ. ವಾಸನೆಯ ಲಿಟರ್ ನಮ್ಮ ಮೂಗಿಗೆ ಹಿತ, ಬೆಕ್ಕಿಗೆ ಅಲ್ಲ.

ಮೊದಲ ಮೂರು ದಿನ

ಸಾಗಿಸುವಾಗ ಬೆಕ್ಕು ಗಟ್ಟಿ ಮುಚ್ಚಳದ ಕ್ಯಾರಿಯರ್‌ನಲ್ಲಿರಲಿ, ಕೈಯಲ್ಲಿ ಬೇಡ. ನಾಯಿಗೆ ಎರಡು ಹಗ್ಗ ಹಾಕಿ, ಒಂದು ಕಾಲರ್‌ಗೆ, ಇನ್ನೊಂದು ಎದೆ-ಬೆನ್ನು ಸುತ್ತುವ ಪಟ್ಟಿಯಾದ ಹಾರ್ನೆಸ್‌ಗೆ. ಹೊಸ ನಾಯಿ ತಪ್ಪಿಸಿಕೊಳ್ಳುವುದು ಸಾಮಾನ್ಯವಾಗಿ ಈ ಮೊದಲ ದಿನಗಳಲ್ಲೇ. ಕಾರಿನ ಬಾಗಿಲು ತೆಗೆದ ಆ ಒಂದು ಕ್ಷಣ ಸಾಕು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಕಾಲರ್ ತಲೆಯಿಂದ ಜಾರಿಬಿಡುತ್ತದೆ. ನಿಮ್ಮ ಫೋನ್ ನಂಬರ್ ಬರೆದ ಬಿಲ್ಲೆಯನ್ನು ಹೊರಡುವ ಮುಂಚೆಯೇ ಕಟ್ಟಿ.

ಮನೆಗೆ ಬಂದ ಕೂಡಲೇ ನೇರ ಕೋಣೆಗೆ. ನೆಂಟರು, ಪಕ್ಕದ ಮನೆ ಮಕ್ಕಳು, ವಿಡಿಯೊ ಕಾಲ್ ಯಾವುದೂ ಬೇಡ. ಸ್ನಾನವೂ ಬೇಡ, ಅದೆಷ್ಟೇ ನಾರುತ್ತಿದ್ದರೂ! ಡಾಕ್ಟರು ಹೇಳಿದರೆ ಮಾತ್ರ.

ಹೆದರಿದ ನಾಯಿ ಮಂಚದ ಕೆಳಗೆ ಹೋಗಿ ಗೋಡೆಗೆ ಒತ್ತಿಕೊಂಡು ಕೂತಿದೆ ಅನ್ನಿ. ಬಗ್ಗಿ ಕೈ ಚಾಚಬೇಡಿ. ಸ್ವಲ್ಪ ದೂರದಲ್ಲಿ ಅದಕ್ಕೆ ಪಕ್ಕ ತಿರುಗಿ ಕೂತು ಏನಾದರೂ ಓದುತ್ತಿರಿ. ಆಗಾಗ ಒಂದು ತುಂಡು ತಿಂಡಿಯನ್ನು ಸುಮ್ನೆ ಅದರ ಕಡೆ ಉರುಳಿಸಿ, ಮುಖ ನೋಡಬೇಡಿ. ಮೊದಲು ತಿನ್ನುವುದಿಲ್ಲ. ನೀವು ಎದ್ದು ಹೋದ ಮೇಲೆ ತಿನ್ನುತ್ತದೆ. ಮಾರನೆಯ ದಿನ ನೀವು ಇರುವಾಗಲೇ ಕುತ್ತಿಗೆ ಉದ್ದ ಮಾಡಿ, ಹಿಂಗಾಲು ಮಾತ್ರ ಹಿಂದೆಯೇ ಬಿಟ್ಟು, ಎಳೆದುಕೊಳ್ಳುತ್ತದೆ. ಆ ಹಿಂಗಾಲು ಎಲ್ಲಿದೆ ನೋಡುತ್ತಿರಿ. ಅದೂ ಮುಂದೆ ಬಂದ ದಿನ ಓಡುವ ಯೋಚನೆ ಬಿಟ್ಟಿದೆ ಎಂದರ್ಥ.

ನಿದ್ದೆ ಬರದಿದ್ದರೂ ಆಕಳಿಸುವುದು, ತುಟಿ ನೆಕ್ಕುವುದು, ಮುಖ ಆಚೆ ತಿರುಗಿಸುವುದು, ಕಣ್ಣಂಚಿನಲ್ಲಿ ಬಿಳಿ ಕಾಣುವುದು ಎಲ್ಲ "ಸಾಕು, ದೂರ ಇರು" ಅನ್ನುವ ಸೂಚನೆಗಳು. ಗುರ್ ಎಂದರೆ ಬೈಯಬೇಡಿ. ಗುರುಗುಟ್ಟಿದ್ದಕ್ಕೆ ಬೈಸಿಕೊಂಡ ನಾಯಿ ಮುಂದಿನ ಸಲ ಗುರುಗುಟ್ಟದೆ ನೇರ ಕಚ್ಚುವುದನ್ನು ಕಲಿಯುತ್ತದೆ. ಬೆಕ್ಕಿನ ವಿಷಯದಲ್ಲಿ ನಿಧಾನವಾಗಿ ಕಣ್ಣು ಅರೆಮುಚ್ಚಿ ತೆರೆಯಿರಿ. ಇದು ಬರೀ ಬೆಕ್ಕುಪ್ರಿಯರ ನಂಬಿಕೆಯಲ್ಲ. ಹೀಗೆ ಕಣ್ಣು ಮಿಟುಕಿಸಿದವರ ಹತ್ತಿರ ಬೆಕ್ಕುಗಳು ಹೆಚ್ಚು ಬಂದವು ಎಂದು ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ್ದಾರೆ.

ಹೊಂದಿಕೊಳ್ಳಲು ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕ ಫಾಸ್ಟರ್ ಮಾಡುವವರ ಬಾಯಲ್ಲಿ ಕೇಳಿಬರುತ್ತದೆ. ಮೂರು ದಿನ ಗಾಬರಿ, ಮೂರು ವಾರಕ್ಕೆ ದಿನಚರಿ ಅರ್ಥವಾಗುತ್ತದೆ, ಮೂರು ತಿಂಗಳಿಗೆ ಮನೆಯದಾಗುತ್ತದೆ. ಅಂದಾಜಿಗೆ ಸರಿ, ಕ್ಯಾಲೆಂಡರ್ ಹಿಡಿದು ಕೂರಬೇಡಿ.

ಊಟದ ಬಗ್ಗೆ ಎರಡು ಎಚ್ಚರಿಕೆ. ತುಂಬಾ ದಿನ ಉಪವಾಸವಿದ್ದು ಮೂಳೆ ಎದ್ದ ಪ್ರಾಣಿಗೆ ಕನಿಕರದಿಂದ ಬಟ್ಟಲು ತುಂಬ ಸುರಿಯಬೇಡಿ. ದೇಹದ ಲವಣಾಂಶಗಳು ಏರುಪೇರಾಗಿ ಹೃದಯಕ್ಕೇ ಕುತ್ತು ಬರಬಹುದು. ಸ್ವಲ್ಪ ಸ್ವಲ್ಪ, ದಿನಕ್ಕೆ ಹಲವು ಸಲ, ಡಾಕ್ಟರು ಹೇಳಿದ ಅಳತೆಯಲ್ಲಿ ಕೊಡಿ. ಇನ್ನು ದೊಡ್ಡ ಬೆಕ್ಕು ಇಡೀ ದಿನ ಏನೂ ಮುಟ್ಟದಿದ್ದರೆ "ಹೊಸ ಜಾಗ ಅಲ್ವಾ, ತಿನ್ನುತ್ತೆ ಬಿಡು" ಅನ್ನಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಬೆಕ್ಕು ಊಟ ಬಿಟ್ಟರೆ, ಅದರಲ್ಲೂ ದಪ್ಪ ಬೆಕ್ಕು, ಕೆಲವೇ ದಿನಗಳಲ್ಲಿ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಜೀವಕ್ಕೆ ಅಪಾಯವಾಗುತ್ತದೆ.

ಎರಡು ವಾರ ಬೇರೆಯೇ ಇರಲಿ

ಇದನ್ನು ಮಾತ್ರ ಯಾರೂ ಸಡಿಲ ಬಿಡಬಾರದು. ಮನೆಯಲ್ಲಿ ಬೇರೆ ಪ್ರಾಣಿಗಳಿದ್ದರೆ ಹೊಸದನ್ನು ಕನಿಷ್ಠ ಎರಡು ವಾರ ಬೇರೆ ಇಡಿ. ವಾಂತಿ-ಭೇದಿ ತರುವ, ನಾಯಿಗಳ ಪಾರ್ವೊ ವೈರಸ್ ಮೈಸೇರಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಬೆಕ್ಕುಗಳಲ್ಲಿ ಅದೇ ಜಾತಿಯ ವೈರಸ್ಸಿನಿಂದ ಬರುವ ಪ್ಯಾನ್‌ಲ್ಯುಕೋಪೀನಿಯಾಕ್ಕೆ ಹತ್ತು ದಿನದವರೆಗೂ ಹಿಡಿಯಬಹುದು. ಇವತ್ತು ಕುಣಿಯುತ್ತಿರುವ ಮರಿ ನಾಲ್ಕನೇ ದಿನ ವಾಂತಿ ಶುರು ಮಾಡಬಹುದು. ನಿಮ್ಮ ಪ್ರಾಣಿಗಳ ಲಸಿಕೆ ಅಷ್ಟರೊಳಗೆ ಪೂರ್ತಿಯಾಗಿರಬೇಕು.

ದಿನದ ಕೆಲಸದಲ್ಲಿ ನಿಮ್ಮ ಪ್ರಾಣಿಗಳು ಮೊದಲು, ಫಾಸ್ಟರ್ ಆಮೇಲೆ. ಆ ಕೋಣೆಗೆ ಬೇರೆ ಚಪ್ಪಲಿ, ಬೇರೆ ಅಂಗಿ, ಬೇರೆ ಬಟ್ಟಲು. ಹೊರಬಂದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸ್ಯಾನಿಟೈಸರ್ ನಂಬಬೇಡಿ, ಆಲ್ಕೋಹಾಲ್‌ಗೆ ಪಾರ್ವೊ ಸಾಯುವುದಿಲ್ಲ. ನೆಲಕ್ಕೆ ಬ್ಲೀಚ್ ಬೇಕು. ಮನೆಬಳಕೆಯ ಬ್ಲೀಚ್ ಒಂದು ಪಾಲು, ನೀರು ಸುಮಾರು ಮೂವತ್ತು ಪಾಲು. ಮೊದಲು ಸೋಪಿನಿಂದ ಕೊಳೆ ಪೂರ್ತಿ ತೆಗೆಯಿರಿ, ಕೊಳೆಯ ಮೇಲೆ ಸುರಿದ ಬ್ಲೀಚ್ ದಂಡ. ಆಮೇಲೆ ಹತ್ತು ನಿಮಿಷ ನೆಲ ಒದ್ದೆಯಾಗಿಯೇ ಇರಬೇಕು. ಬ್ಲೀಚನ್ನು ಆಸಿಡ್ ಜೊತೆ, ಬೇರೆ ಕ್ಲೀನರ್ ಜೊತೆ ಬೆರೆಸಬಾರದು, ವಿಷಗಾಳಿ ಬರುತ್ತದೆ. ಬೆಕ್ಕಿನ ಉಚ್ಚೆಯಿಂದ ಅಮೋನಿಯಾ ಬರುತ್ತದೆ, ಅದನ್ನೂ ಮೊದಲು ನೀರಿನಲ್ಲಿ ತೊಳೆದುಬಿಡಿ.

ನಮಗೂ ಕೆಲವು ಅಂಟುತ್ತವೆ. ಮರಿಯ ಕಿವಿಯಂಚಿನಲ್ಲೋ ಮೂಗಿನ ಮೇಲೋ ಕೂದಲು ಉದುರಿ ದುಂಡಗಿನ ಕಲೆ ಕಂಡರೆ ಹುಳುಕಡ್ಡಿ ಇರಬಹುದು. ಗರ್ಭಿಣಿಯರಿದ್ದರೆ ಲಿಟರ್ ಟ್ರೇ ಕೆಲಸ ಬೇರೆಯವರು ಮಾಡಲಿ, ದಿನಾ ಮಾಡಲಿ. ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ತರಬಲ್ಲ ಟಾಕ್ಸೊಪ್ಲಾಸ್ಮಾ ಪರೋಪಜೀವಿ ಬೆಕ್ಕಿನ ಮಲದಲ್ಲಿ ಹೊರಬಿದ್ದ ಮೇಲೆ ಸೋಂಕು ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ದಿನಾ ತೆಗೆದರೆ ಆ ಹಂತಕ್ಕೆ ಬರುವ ಮೊದಲೇ ಹೋಗಿರುತ್ತದೆ. ಕಚ್ಚಿದರೆ, ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ಡಾಕ್ಟರ ಹತ್ತಿರ ಹೋಗಿ. "ಮರಿ ತಾನೇ" ಅಂತ ಬಿಡುವ ವಿಷಯವಲ್ಲ, ರೇಬೀಸ್ ಲಕ್ಷಣ ಕಂಡ ಮೇಲೆ ಉಳಿಯುವವರು ಇಲ್ಲವೇ ಇಲ್ಲ ಅನ್ನಬಹುದು. ಆಗಾಗ ಫಾಸ್ಟರ್ ಮಾಡುವವರು ಮುಂಚೆಯೇ ಹಾಕಿಸಿಕೊಳ್ಳುವ ರೇಬೀಸ್ ಲಸಿಕೆಯ ಬಗ್ಗೆ ವಿಚಾರಿಸಿ.

ಕಣ್ಣು ಬಿಡದ ಮರಿಗಳು ಬಂದರೆ

ಹೊರಗೆ ಸಿಕ್ಕ ಮರಿಗಳಾದರೆ ಎತ್ತಿಕೊಂಡು ಬರುವ ಮುಂಚೆ ತಾಯಿ ಇಲ್ಲ ಅನ್ನುವುದು ಖಾತ್ರಿಯಾಗಲಿ. ಊಟ ಹುಡುಕಿಕೊಂಡು ಹೋದ ತಾಯಿ ಗಂಟೆಗಟ್ಟಲೆ ಬರದಿರಬಹುದು. ಮರಿಗಳು ಬೆಚ್ಚಗೆ, ಶುಚಿಯಾಗಿ, ಸದ್ದಿಲ್ಲದೆ ಮಲಗಿದ್ದರೆ ದೂರ ನಿಂತು ಕಾಯಿರಿ. ತಾಯಿಗಿಂತ ಚೆನ್ನಾಗಿ ನಾವು ಸಾಕಲಾರೆವು.

ತಾಯಿ ಇಲ್ಲ ಅಂತಾದರೆ ಮೊದಲು ಬಿಸಿ, ಆಮೇಲೆ ಹಾಲು. ಈ ಕ್ರಮ ತಪ್ಪಬಾರದು. ಮೊದಲ ವಾರದ ಮರಿಯ ಮೈಬಿಸಿ 35-36 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಅದನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿ ಅದಕ್ಕಿಲ್ಲ. ತಣ್ಣಗಾದ ಮರಿಯ ಕರುಳು ಕೆಲಸ ನಿಲ್ಲಿಸಿರುತ್ತದೆ, ಆಗ ಹಾಲು ಕುಡಿಸಿದರೆ ಸಾಯಬಹುದು. ಕಿರುಬೆರಳನ್ನು ಬಾಯೊಳಗೆ ಇಟ್ಟು ನೋಡಿ. ತಣ್ಣಗಿದ್ದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕ ಇಟ್ಟು ನಿಧಾನವಾಗಿ ಬೆಚ್ಚಗಾಗಿಸಿ. ಬಾಟಲಿ ಪೆಟ್ಟಿಗೆಯ ಒಂದೇ ಬದಿಗಿರಲಿ, ಸೆಕೆಯಾದರೆ ಮರಿ ಆಚೆ ತೆವಳಿಕೊಳ್ಳಬೇಕು.

ಹಸುವಿನ ಹಾಲು ಬೇಡ. ನಾಯಿ, ಬೆಕ್ಕಿನ ಹಾಲಿನಲ್ಲಿರುವಷ್ಟು ಪ್ರೋಟೀನು, ಕೊಬ್ಬು ಅದರಲ್ಲಿಲ್ಲ, ಲ್ಯಾಕ್ಟೋಸ್ ಮಾತ್ರ ಜಾಸ್ತಿ. ಭೇದಿ ಹತ್ತಿಕೊಂಡರೆ ಅಷ್ಟು ಪುಟ್ಟ ಜೀವ ಒಣಗಿಹೋಗುತ್ತದೆ. ಮರಿಗಳಿಗೆಂದೇ ಸಿಗುವ ಹಾಲಿನ ಪುಡಿ ತನ್ನಿ. ಕುಡಿಸುವಾಗ ಮರಿ ಹೊಟ್ಟೆ ಕೆಳಗಾಗಿ ಮಲಗಿರಬೇಕು, ತಾಯಿಯ ಹತ್ತಿರ ಇರುವ ಹಾಗೆಯೇ. ಮಗುವಿನಂತೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಬಾಟಲಿ ಒತ್ತಬೇಡಿ, ಅದೇ ಎಳೆಯಲಿ. ಬೆಕ್ಕಿನ ಮರಿ ಸರಿಯಾಗಿ ಹೀರುತ್ತಿದ್ದರೆ ಪ್ರತಿ ಗುಟುಕಿಗೂ ಕಿವಿಗಳು ಹಿಂದೆ-ಮುಂದೆ ಕುಣಿಯುತ್ತವೆ, ಮುಂಗಾಲು ಗಾಳಿಯನ್ನೇ ಒತ್ತುತ್ತದೆ. ಕಿವಿ ನಿಂತಿತು ಅಂದರೆ ಹೊಟ್ಟೆ ತುಂಬಿತು, ಇಲ್ಲವೇ ನಿದ್ದೆ ಬಂತು. ಮೂಗಿನಲ್ಲಿ ಹಾಲಿನ ಗುಳ್ಳೆ ಬಂದರೆ ಆ ಕ್ಷಣವೇ ನಿಲ್ಲಿಸಿ.

ಮೊದಲ ಎರಡು ವಾರ ಹಗಲು ರಾತ್ರಿ ಎರಡು-ಮೂರು ಗಂಟೆಗೊಮ್ಮೆ ಇದೇ ಕೆಲಸ. ಪ್ರತಿ ಸಲವೂ ಬೆಚ್ಚಗಿನ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಉಜ್ಜಬೇಕು. ಮೂರು ವಾರದವರೆಗೆ ಉಚ್ಚೆ, ಕಕ್ಕ ತಾನಾಗಿ ಮಾಡಲು ಅದಕ್ಕೆ ಬರುವುದಿಲ್ಲ. ದಿನಾ ಒಂದೇ ಹೊತ್ತಿಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಹುಟ್ಟುವಾಗ ಸುಮಾರು ನೂರು ಗ್ರಾಂ ಇರುವ ಬೆಕ್ಕಿನ ಮರಿ ದಿನಕ್ಕೆ ಹತ್ತು ಗ್ರಾಂ ಆಸುಪಾಸು ಏರಬೇಕು. ಏರದಿದ್ದರೆ ಎಚ್ಚರ, ಇಳಿದರೆ ಆಸ್ಪತ್ರೆ. ಮರಿ ಸೊರಗಿದ್ದು ನಮ್ಮ ಕಣ್ಣಿಗೆ ಕಾಣುವ ಎಷ್ಟೋ ಮುಂಚೆ ತಕ್ಕಡಿಗೆ ಕಂಡಿರುತ್ತದೆ.

ನಾಲ್ಕು ವಾರದ ಹೊತ್ತಿಗೆ ಮೆತ್ತನೆ ಊಟ ಶುರು. ಆ ವಯಸ್ಸಿಗೆ ಗಟ್ಟಿಕಟ್ಟುವ ಲಿಟರ್ ಬೇಡ, ಬಾಯಿಗೆ ಹಾಕಿಕೊಂಡು ನುಂಗುತ್ತವೆ. ಬೆಕ್ಕಿನ ಮರಿ ಎರಡರಿಂದ ಏಳು ವಾರದೊಳಗೆ, ನಾಯಿಮರಿ ಮೂರರಿಂದ ಹನ್ನೆರಡು-ಹದಿನಾಲ್ಕು ವಾರದೊಳಗೆ ಯಾವುದನ್ನು ಕಂಡು ಅಭ್ಯಾಸವಾಗುತ್ತದೋ ಅದಕ್ಕೆ ಮುಂದೆ ಅಷ್ಟಾಗಿ ಹೆದರುವುದಿಲ್ಲ. ಈ ವಾರಗಳು ಹೆಚ್ಚಾಗಿ ಫಾಸ್ಟರ್ ಮನೆಯಲ್ಲೇ ಕಳೆಯುತ್ತವೆ. ಮಿಕ್ಸಿ ಸದ್ದು, ಗಡ್ಡದವರು, ಛತ್ರಿ, ಉಗುರು ಕತ್ತರಿ, ಕ್ಯಾರಿಯರ್ ಒಳಗೆ ಕೂರುವುದು, ಎಲ್ಲವನ್ನೂ ಸ್ವಲ್ಪ ಸ್ವಲ್ಪ, ತಿಂಡಿ ಕೊಡುತ್ತಾ ತೋರಿಸಿ.

ಮನೆಯ ಪ್ರಾಣಿಗಳ ಪರಿಚಯ

ಎರಡು ವಾರ ಕಳೆದು ಡಾಕ್ಟರು ಸರಿ ಅಂದ ಮೇಲೆ, ಮೊದಲು ವಾಸನೆ, ಆಮೇಲೆ ಮುಖ. ಹಾಸಿಗೆ ಬಟ್ಟೆ ಅದಲುಬದಲು ಮಾಡಿ. ಮುಚ್ಚಿದ ಬಾಗಿಲಿನ ಎರಡೂ ಬದಿ ಊಟ ಇಡಿ. ಆಮೇಲೆ ಜಾಲರಿಯ ಮೂಲಕ ನೋಡಲಿ. ನಾಯಿಗಳಾದರೆ ಮನೆಯ ಹೊರಗೆ, ಅಕ್ಕಪಕ್ಕ ದೂರವಿಟ್ಟು ವಾಕಿಂಗ್ ಕರೆದುಕೊಂಡು ಹೋಗುವುದು ಒಳ್ಳೆಯ ಶುರು. ಒಟ್ಟಿಗೆ ಬಿಟ್ಟು "ಅವೇ ಬಗೆಹರಿಸಿಕೊಳ್ಳುತ್ತವೆ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹೊಂದದಿದ್ದರೆ ಬೇರೆ ಬೇರೆಯೇ ಇರಲಿ, ಹೇಗಿದ್ದರೂ ಇದು ತಾತ್ಕಾಲಿಕ.

ಮುಂದಿನ ಮನೆಗೆ ಬೇಕಾದ ಅಭ್ಯಾಸ

ಪಾಪ ಅಂತ ದಿನವಿಡೀ ಮಡಿಲಲ್ಲಿ ಕೂರಿಸಿಕೊಂಡು, ರಾತ್ರಿ ಹಾಸಿಗೆಗೆ ಹತ್ತಿಸಿಕೊಂಡು, ಕೈತುತ್ತು ಹಾಕಿ ಬೆಳೆಸಿದ ನಾಯಿ ಹೊಸ ಮನೆಗೆ ಹೋಗುತ್ತದೆ. ಅಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರು. ಒಂಟಿಯಾದ ನಾಯಿ ಬಾಗಿಲು ಕೆರೆಯುತ್ತದೆ, ಅಕ್ಕಪಕ್ಕದವರು ದೂರುತ್ತಾರೆ, ವಾರದಲ್ಲಿ ವಾಪಸ್ ಬರುತ್ತದೆ. ಆದ್ದರಿಂದ ನೀವು ಮನೆಯಲ್ಲೇ ಇದ್ದರೂ ದಿನಕ್ಕೆ ಸ್ವಲ್ಪ ಹೊತ್ತು ಒಂಟಿಯಾಗಿರುವುದನ್ನು ಕಲಿಸಿ. ಮೊದಲು ಒಂದು ನಿಮಿಷ, ಆಮೇಲೆ ಐದು, ಆಮೇಲೆ ಅರ್ಧ ಗಂಟೆ. ಹೋಗುವಾಗ, ಬರುವಾಗ ಜಾಸ್ತಿ ಸಂಭ್ರಮ ಬೇಡ. ಸೋಫಾ, ಹಾಸಿಗೆ ನಿಮಗೆ ಪರವಾಗಿಲ್ಲದಿದ್ದರೂ ಕರೆದಾಗ ಮಾತ್ರ ಹತ್ತಬೇಕು ಅನ್ನುವ ನಿಯಮವಿರಲಿ. ಹೊಸ ಮನೆಯವರು ಕರೆಯದಿದ್ದರೆ ಅಲ್ಲಿಗೆ ಮುಗಿಯಿತು.

ಒಂದು ನೋಟ್‌ಬುಕ್ ಇಡಿ. "ಒಳ್ಳೆಯ ನಾಯಿ, ತುಂಬಾ ಪ್ರೀತಿ" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. "ಹೆಲ್ಮೆಟ್ ಹಾಕಿದವರನ್ನು ಕಂಡರೆ ಬೊಗಳುತ್ತದೆ, ತೆಗೆದರೆ ಸುಮ್ಮನಾಗುತ್ತದೆ", "ಎಡ ಕಿವಿ ಮುಟ್ಟಿಸಿಕೊಳ್ಳುವುದಿಲ್ಲ", "ಮೂರು ಗಂಟೆ ಒಂಟಿಯಾಗಿ ಮಲಗಿತ್ತು" ಹೀಗೆ ಬರೆಯಿರಿ. ಮಲ ಹೇಗಿತ್ತು, ಎಷ್ಟು ತಿಂದಿತು, ಯಾವ ಔಷಧಿ ಎಷ್ಟು ಹೊತ್ತಿಗೆ ಅನ್ನುವುದೂ ಅದರಲ್ಲೇ ಇರಲಿ.

ಕಾಯದೆ ಓಡಬೇಕಾದ ಸಂದರ್ಭ

ಗಂಡು ಬೆಕ್ಕು ಟ್ರೇಗೆ ಹೋಗಿ ಹೋಗಿ ತಿಣುಕಿದರೂ ಉಚ್ಚೆ ಬಾರದಿದ್ದರೆ. ಮರಿ ಮೇಲಿಂದ ಮೇಲೆ ವಾಂತಿ ಮಾಡಿ, ರಕ್ತ ಬೆರೆತ ಭೇದಿ ಆದರೆ. ಬೆಕ್ಕು ಬಾಯಿ ತೆರೆದು ಉಸಿರಾಡುತ್ತಿದ್ದರೆ. ಒಸಡು ಬಿಳಿಚಿಕೊಂಡಿದ್ದರೆ. ದೊಡ್ಡ ನಾಯಿಯ ಹೊಟ್ಟೆ ಉಬ್ಬಿ, ವಾಂತಿಗೆ ಪ್ರಯತ್ನಿಸಿದರೂ ಏನೂ ಬಾರದಿದ್ದರೆ. ಇವುಗಳಲ್ಲಿ ಯಾವುದಕ್ಕೂ "ಬೆಳಗ್ಗೆವರೆಗೆ ನೋಡೋಣ" ಎಂಬುದಿಲ್ಲ. ಹತ್ತಿರದ ಆಸ್ಪತ್ರೆಗೆ ಹೊರಟು, ದಾರಿಯಲ್ಲಿ ಸಂಸ್ಥೆಗೆ ಫೋನ್ ಮಾಡಿ.

ಮನೆ ಹುಡುಕುವುದು, ಕಳಿಸಿಕೊಡುವುದು

ಫೋಟೊವನ್ನು ನೀವು ನೆಲದ ಮೇಲೆ ಕೂತು, ಅದರ ಕಣ್ಣಿನ ಎತ್ತರದಲ್ಲಿ, ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ಬೋನಿನ ಸರಳುಗಳ ಹಿಂದಿನ ಫೋಟೊ ನೋಡಿದವರಿಗೆ ಕನಿಕರ ಬರುತ್ತದೆ, ಮನೆಗೆ ಕರೆದುಕೊಂಡು ಹೋಗುವ ಮನಸ್ಸು ಬರುವುದು ಕಡಿಮೆ. ವಿವರದಲ್ಲಿ ತೊಂದರೆಗಳನ್ನೂ ಬರೆಯಿರಿ. ಬೆಕ್ಕುಗಳನ್ನು ಅಟ್ಟಿಸಿಕೊಂಡು ಹೋಗುವ ನಾಯಿಯನ್ನು ಬೆಕ್ಕಿರುವ ಮನೆಗೆ ಕೊಟ್ಟರೆ ವಾಪಸ್ ಬರುವುದು ಗ್ಯಾರಂಟಿ.

ಕೇಳಿಕೊಂಡು ಬಂದವರಿಗೆ ಪರೀಕ್ಷೆ ಇಡುವ ದನಿ ಬೇಡ, ಮಾತಾಡಿಸಿ. ದಿನ ಹೇಗೆ ಕಳೆಯುತ್ತದೆ, ಊರಿಗೆ ಹೋದಾಗ ಯಾರು ನೋಡಿಕೊಳ್ಳುತ್ತಾರೆ, ಹಿಂದೆ ಸಾಕಿದ್ದ ಪ್ರಾಣಿ ಏನಾಯಿತು. ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಬಹಳಷ್ಟು ಗೊತ್ತಾಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಮೇಲೆಯೇ ಕೊಡುವುದು ಒಳ್ಳೆಯದು. ತೀರ ಚಿಕ್ಕ ಮರಿಯಾದರೆ ಯಾವಾಗ ಮಾಡಿಸಬೇಕು ಎನ್ನುವುದು ಕರಾರಿನಲ್ಲಿರಲಿ. ಮೈಕ್ರೋಚಿಪ್ (ಗುರುತಿಗಾಗಿ ಚರ್ಮದ ಕೆಳಗೆ ಹಾಕುವ ಚಿಪ್) ಇದ್ದರೆ ಅದರ ನೋಂದಣಿಯನ್ನು ಹೊಸ ಮನೆಯವರ ಹೆಸರಿಗೆ ಬದಲಾಯಿಸಲು ಮರೆಯಬೇಡಿ.

ನೀವೇ ಇಟ್ಟುಕೊಂಡುಬಿಟ್ಟರೆ? ಅದಕ್ಕೆ "ಫಾಸ್ಟರ್ ಫೇಲ್" ಅಂತ ತಮಾಷೆ ಮಾಡುತ್ತಾರೆ. ತಪ್ಪೇನಿಲ್ಲ, ಆದರೆ ಮುಂದಿನ ಪ್ರಾಣಿಗೆ ಇದ್ದ ಜಾಗ ತುಂಬಿತು ಅನ್ನುವುದು ಗೊತ್ತಿರಲಿ. ಕಳಿಸುವ ಹಿಂದಿನ ರಾತ್ರಿ ಈ ನಿರ್ಧಾರ ಮಾಡಬೇಡಿ, ಆ ರಾತ್ರಿ ಎಲ್ಲರಿಗೂ ಹಾಗೇ ಅನಿಸುತ್ತದೆ.

ಕೊಡುವಾಗ ಅದು ಮಲಗುತ್ತಿದ್ದ ಬಟ್ಟೆಯನ್ನು ಒಗೆಯದೆ ಕೊಡಿ, ವಾರಕ್ಕಾಗುವಷ್ಟು ಅದೇ ಊಟ ಕೊಡಿ. ಊಟ ಬದಲಿಸುವುದಾದರೆ ಏಳರಿಂದ ಹತ್ತು ದಿನದಲ್ಲಿ ನಿಧಾನವಾಗಿ ಬೆರೆಸುತ್ತಾ ಬದಲಿಸಲು ಹೇಳಿ. ನೋಟ್‌ಬುಕ್ಕಿನ ಮುಖ್ಯ ವಿಷಯಗಳನ್ನು ಒಂದು ಹಾಳೆಗೆ ಇಳಿಸಿ ಕೊಡಿ. ಮೊದಲ ವಾರ ಫೋನ್ ಮಾಡಿ ವಿಚಾರಿಸಿ, ಆಮೇಲೆ ಅವರಾಗಿ ಹೇಳಿದರೆ ಕೇಳಿ. ಭೇಟಿಗೆ ಓಡಬೇಡಿ, ನಿಮ್ಮನ್ನು ಕಂಡರೆ ಹೊಂದಿಕೊಳ್ಳುತ್ತಿರುವುದು ಮತ್ತೆ ಗಲಿಬಿಲಿಗೊಳ್ಳುತ್ತದೆ.

ಕೋಣೆ ಖಾಲಿಯಾದ ದಿನವೇ ಮುಂದಿನ ಫೋಟೊ ಬರುತ್ತದೆ. ಮೊದಲು ಬಟ್ಟೆ ಬಿಸಿನೀರಿನಲ್ಲಿ ಒಗೆದು, ನೆಲ, ಟ್ರೇ, ಬಟ್ಟಲು ಬ್ಲೀಚಿನಲ್ಲಿ ತೊಳೆಯಿರಿ. ರಟ್ಟಿನ ಪೆಟ್ಟಿಗೆ, ಬೆಕ್ಕು ಉಗುರು ಗೀರುವ ಕಂಬ ಎಸೆಯಿರಿ. ಆ ಕೋಣೆಯಲ್ಲಿ ಪಾರ್ವೊ ಅಥವಾ ಪ್ಯಾನ್‌ಲ್ಯುಕೋಪೀನಿಯಾ ಬಂದಿದ್ದರೆ ಒಂದು ವರ್ಷದ ತನಕ ಲಸಿಕೆಯಾಗದ ಮರಿಗಳಿಗೆ ಇಲ್ಲ ಅನ್ನಿ, ಲಸಿಕೆ ಪೂರ್ತಿಯಾದ ದೊಡ್ಡವನ್ನು ಮಾತ್ರ ತನ್ನಿ.